ಸೇಬಿಗೆ ಸೀಗೆಕಾಯಿ

ಐದನೆಯ ಸೇಬು ಬಿಸಿನೀರಿನಲ್ಲಿ ಮುಳುಗಲು ಒಪ್ಪಲೇ ಇಲ್ಲ. ಒತ್ತಿ ಹಿಡಿದರೆ ಶೃತಿಯ ಕೈ ಚುರುಗುಟ್ಟುತ್ತಿತ್ತು. ಬಿಟ್ಟರೆ ಸೇಬು ಬುಳುಕ್ ಎಂದು ಮೇಲೆ ಬರುತ್ತಿತ್ತು.

"ಸುಮ್ನ ಕುಂಡ್ರಲೇ," ಎಂದು ಅವಳು ಅದಕ್ಕೆ ಗದರಿದಳು. ಪ್ರತಿ ಭಾನುವಾರ ಇದೇ ಬಚ್ಚಲಿನಲ್ಲಿ ಅವಳ ತಲೆಗೆ ಎರೆಯುವಾಗ ಅಜ್ಜಿ ಗದರುವುದೂ ಹೀಗೆಯೇ.

ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ನೆಲದ ಮೇಲೆ ಒಂದು ಬಟ್ಟಲಿನಲ್ಲಿ ಕಲಸಿದ ಸೀಗೆಕಾಯಿ ಪುಡಿ, ಪಕ್ಕದಲ್ಲಿ ಒಂದು ಹಿಡಿ ತೆಂಗಿನ ನಾರು. ಬಕೆಟ್ಟಿನಲ್ಲಿ ಐದು ಸೇಬು. ಐದು ಮೋಸಂಬಿ ತಮ್ಮ ಪಾಳಿಗಾಗಿ ಕಾಯುತ್ತಿದ್ದವು. ಅಜ್ಜಿ ಮಠಕ್ಕೆ ಹೋಗಿದ್ದಳು. ಅವ್ವ ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳ ತೆಗೆಯುತ್ತಿದ್ದಳು. ಇಂಥ ಸಮಯ ಮತ್ತೆ ಸಿಗುವುದಿಲ್ಲ ಎಂದು ಶೃತಿಗೆ ಗೊತ್ತಿತ್ತು.

ಅವಳು ಒಂದೊಂದೇ ಸೇಬನ್ನು ಎತ್ತಿ, ಸೀಗೆಕಾಯಿ ಮೆತ್ತಿ, ನಾರಿನಿಂದ ಗಸಗಸ ತಿಕ್ಕಿದಳು. ಸೇಬಿನ ಹೊಳಪು ಹೋಗುವ ತನಕ ಬಿಡಲಿಲ್ಲ. ತಿಕ್ಕುವುದರಲ್ಲಿ ಆ ಅಜ್ಜಿಯ ಮೊಮ್ಮಗಳು ಹಿಂದೆ ಬಿದ್ದಾಳೆಯೇ? ಸೇಬಿನ ಹಾಗೆಯೇ ಹೊಳೆಯುತ್ತಿದ್ದ ಮೋಸಂಬಿಗಳಿಗೂ ಅದೇ ಉಪಚಾರ ಆಯಿತು. ಕೊನೆಗೆ ಹಂಡೆಯಿಂದ ಇನ್ನೆರಡು ತಂಬಿಗೆ ಸುಡುನೀರು ತೋಡಿ ಎಲ್ಲದರ ಮೇಲೂ ಸುರಿದಳು.

ಎರೆದುಕೊಂಡ ಮೇಲೆ ಅಜ್ಜಿ ಅವಳ ತಲೆಗೆ ಟವೆಲ್ ಸುತ್ತುತ್ತಾಳೆ. ಶೃತಿಯೂ ಹತ್ತು ಹಣ್ಣುಗಳನ್ನು ಒಂದು ಟವೆಲಿನಲ್ಲಿ ಬೆಚ್ಚಗೆ ಸುತ್ತಿ, ದೊಡ್ಡ ಸ್ಟೀಲ್ ಡಬ್ಬಿಯೊಳಗೆ ಇಟ್ಟು, ಮುಚ್ಚಳ ಒತ್ತಿ, ಡಬ್ಬಿಯನ್ನು ದೇವರ ಜಗುಲಿಯ ಪಕ್ಕದಲ್ಲಿ ಎಲ್ಲಿತ್ತೋ ಅಲ್ಲಿಯೇ ಇಟ್ಟಳು. ಆಮೇಲೆ ದೇವರಿಗೊಂದು ನಮಸ್ಕಾರ ಮಾಡಿ, ಏನೂ ಗೊತ್ತಿಲ್ಲದವಳ ಹಾಗೆ ಹೋಮ್‌ವರ್ಕ್ ಬರೆಯಲು ಕುಳಿತಳು.

ಐದನೆಯ ತರಗತಿಯ ಜಾಣ ಹುಡುಗಿಗೆ ಇಂಥ ಬುದ್ಧಿ ಯಾಕೆ ಬಂತು ಎಂದು ನೀವು ಕೇಳಬಹುದು. ಬಂದದ್ದು ಅಪ್ಪನ ಮೊಬೈಲಿನಿಂದ.

ಅಂದು ಶುಕ್ರವಾರ ಮಧ್ಯಾಹ್ನ, ಅಪ್ಪ ಊಟಕ್ಕೆ ಬಂದು ಮಲಗಿದ್ದಾಗ, ಬೆಳಗಿನ ಶಾಲೆ ಮುಗಿಸಿ ಬಂದಿದ್ದ ಅವಳು ಮೊಬೈಲ್ ತೆಗೆದುಕೊಂಡಿದ್ದಳು. ಯಾವುದೋ ಗ್ರೂಪಿನಲ್ಲಿ ಒಂದು ವಿಡಿಯೋ ಬಂದಿತ್ತು. ಕನ್ನಡಕದ ಮನುಷ್ಯನೊಬ್ಬ ಸೇಬನ್ನು ಚಾಕುವಿನಿಂದ ಕೆರೆಯುತ್ತಿದ್ದ. ಬಿಳಿ ಪುಡಿ ಉದುರುತ್ತಿತ್ತು. ಇದು ಮೇಣ, ಇದು ವಿಷ, ಈ ವಿಡಿಯೋ ಹತ್ತು ಜನರಿಗೆ ಕಳಿಸಿ ಅವರ ಜೀವ ಉಳಿಸಿ ಎಂದು ಅವನು ದೊಡ್ಡ ದನಿಯಲ್ಲಿ ಹೇಳುತ್ತಿದ್ದ.

ಶೃತಿಗೆ ನಂಬಿಕೆ ಬರಲಿಲ್ಲ. ನೋಡಿಯೇ ಬಿಡೋಣ ಎಂದು ಮನೆಗೆ ತಂದಿಟ್ಟಿದ್ದ ಸೇಬೊಂದರ ಬುಡವನ್ನು ಚಮಚದ ಅಂಚಿನಿಂದ ಮೆಲ್ಲಗೆ ಕೆರೆದಳು. ಬಿಳಿ ಪುಡಿ ಬಂದೇಬಿಟ್ಟಿತು.

ಅದು ಬೇರೆ ಯಾವುದಾದರೂ ಸೇಬಾಗಿದ್ದರೆ ಅವಳು ಆ ಕ್ಷಣವೇ ಕೂಗಿ ಮನೆ ತುಂಬ ಹೇಳುತ್ತಿದ್ದಳು. ಆದರೆ ಅದು ಸುಶ್ಮಿತಾ ಅತ್ತೆಯ ಉಡಿಯ ಸೇಬು.

ಸುಶ್ಮಿತಾ ಅತ್ತೆ ಎಂದರೆ ಅಪ್ಪನ ತಂಗಿ. ಮುಂಡರಗಿಗೆ ಕೊಟ್ಟಿದ್ದಾರೆ. ಈಗ ಅವಳಿಗೆ ಏಳು ತಿಂಗಳು. ಸೋಮವಾರ ಅವಳ ಕುಬಸ. ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ, ಅವಳಿಗೆ ಹಸಿರು ಸೀರೆ ಉಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಐದು ತರದ ಹಣ್ಣು ಹಾಕಿ ಉಡಿ ತುಂಬಬೇಕು. ಹೋದ ತಿಂಗಳು ಅತ್ತೆ ಬೆಟಗೇರಿಗೆ ಬಂದಾಗ ಶೃತಿಯ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಒಳಗಿನಿಂದ ಪಾಪು ಫಟ್ ಎಂದು ಒದ್ದಿತ್ತು. ಶೃತಿಗೆ ಅಂದಿನಿಂದ ಆ ಪಾಪುವಿನ ಮೇಲೆ ಎಲ್ಲಿಲ್ಲದ ಪ್ರೀತಿ. ಒದ್ದವರ ಮೇಲೆ ಅವಳಿಗೆ ಪ್ರೀತಿ ಹುಟ್ಟಿದ್ದು ಅದೇ ಮೊದಲು.

ಆ ಪಾಪು ಮೇಣ ತಿನ್ನುವುದೇ?

ಅಜ್ಜಿಗೆ ಹೇಳುವ ಹಾಗೂ ಇರಲಿಲ್ಲ. ಅಜ್ಜಿ ಅನ್ನಪೂರ್ಣವ್ವನ ಕಾಯಿದೆ ಬಲು ಬಿಗಿ. ಉಡಿಯ ಸಾಮಾನು ಶುಕ್ರವಾರವೇ ಮನೆಗೆ ಬರಬೇಕು. ಬಂದ ಮೇಲೆ ಉಡಿ ತುಂಬುವ ತನಕ ಯಾರೂ ಅದನ್ನು ಮುಟ್ಟಬಾರದು, ಮೂಸಬಾರದು. ಉಡಿಯ ಹಣ್ಣನ್ನು ಚಮಚದಿಂದ ಕೆರೆದೆ ಎಂದು ಹೇಳಿದರೆ ಆ ಚಮಚದಿಂದಲೇ ಪೂಜೆ ಆಗುತ್ತಿತ್ತು. ಹಾಗಾಗಿ ಶೃತಿ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಎಣ್ಣೆ, ಜಿಡ್ಡು, ಕೊಳೆ ಯಾವುದೇ ಇರಲಿ, ಸೀಗೆಕಾಯಿ ಮತ್ತು ಸುಡುನೀರಿನ ಮುಂದೆ ನಿಲ್ಲುವುದಿಲ್ಲ ಎಂದು ಅಜ್ಜಿಯೇ ಸಾವಿರ ಸಲ ಹೇಳಿದ್ದಳಲ್ಲ.

ಶನಿವಾರವಿಡೀ ಶೃತಿ ನೆಮ್ಮದಿಯಾಗಿದ್ದಳು. ಮಾರ್ಚ್ ತಿಂಗಳ ಬಿಸಿಲು ಮಾಳಿಗೆಯನ್ನು ಕಾಯಿಸುತ್ತಿತ್ತು, ಓಣಿಯ ಮಗ್ಗಗಳು ಸಪ್ಪಳ ಮಾಡುತ್ತಿದ್ದವು, ಡಬ್ಬಿಯೊಳಗೆ ಒದ್ದೆ ಟವೆಲಿನಲ್ಲಿ ಹಣ್ಣುಗಳು ಕುಳಿತಿದ್ದವು. ಒಂದು ಜೀವ ಉಳಿಸಿದ ಹೆಮ್ಮೆ ಅವಳಿಗೆ. ಶಾಲೆಯಲ್ಲಿ ಯಾರಿಗೂ ಹೇಳದೆ ಆ ಹೆಮ್ಮೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬಹಳ ಕಷ್ಟಪಟ್ಟಳು.

ಭಾನುವಾರ ಸಂಜೆ ಅಜ್ಜಿ ಬುತ್ತಿಯ ಸಾಮಾನೆಲ್ಲ ಹೊಂದಿಸುತ್ತ ಡಬ್ಬಿಯ ಮುಚ್ಚಳ ತೆಗೆದಳು. ಮೊದಲು ವಾಸನೆ ಬಂತು. ಆಮೇಲೆ ಟವೆಲ್ ಬಿಚ್ಚಿದಳು.

ಸೇಬುಗಳ ಮೈತುಂಬ ಕಂದು ಕಲೆ. ಬೆರಳಿಟ್ಟರೆ ಬೇಯಿಸಿದ ಆಲೂಗಡ್ಡೆಯ ಹಾಗೆ ಒಳಗೆ ಹೋಗುತ್ತಿತ್ತು. ಮೋಸಂಬಿಗಳ ಸಿಪ್ಪೆಯ ಮೇಲೂ ಕಲೆ ಎದ್ದಿತ್ತು, ಎರಡಕ್ಕೆ ಬಿಳಿ ಬೂಷ್ಟು ಬಂದಿತ್ತು. ಬೇರೆ ಬುಟ್ಟಿಯಲ್ಲಿದ್ದ ದಾಳಿಂಬೆ, ಪೇರಲ ಮತ್ತು ಬಾಳೆಹಣ್ಣು ಮಾತ್ರ, ಎರೆಸಿಕೊಳ್ಳದ ಪುಣ್ಯಕ್ಕೆ, ಗಟ್ಟಿಯಾಗಿ ಕುಳಿತಿದ್ದವು.

ಅಜ್ಜಿ ಅಲ್ಲಿಯೇ ನೆಲಕ್ಕೆ ಕುಳಿತುಬಿಟ್ಟಳು. ಬೆಳಿಗ್ಗೆ ಏಳಕ್ಕೆ ಮುಂಡರಗಿಗೆ ಗಾಡಿ ಹೇಳಿ ಆಗಿತ್ತು. ಸುಶ್ಮಿತಾ ಅತ್ತೆಯ ಅತ್ತೆ ಎಂದರೆ ಸಾಮಾನ್ಯರಲ್ಲ. ಉಡಿಗೆ ಬಂದ ಒಂದೊಂದು ಹಣ್ಣನ್ನೂ ತಿರುಗಿಸಿ ನೋಡುವವರು. ಏನೂ ಅನ್ನುವುದಿಲ್ಲ, ಬರಿ ನೋಡುತ್ತಾರೆ. ಆ ನೋಟಕ್ಕೆ ಮಗಳ ಮುಖ ಬಾಡುವುದನ್ನು ಅಜ್ಜಿ ಈಗಲೇ ಕಂಡವಳ ಹಾಗೆ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಅದರಲ್ಲಿ ಬೆಂಕಿ ಇತ್ತು.

"ಮೂವತ್ತು ವರ್ಸ ಆತು ಆ ಖಾಸಿಂಸಾಬನ ಕಡೆ ಹಣ್ಣು ತಗೊಳ್ಳಾಕ ಹತ್ತಿ," ಎಂದಳು. "ಕಡೀಕ ಉಡಿ ಹಣ್ಣಿನ್ಯಾಗ ಮೋಸ ಮಾಡಿದ."

ಹೇಳಬೇಕು, ಈಗಲೇ ಹೇಳಬೇಕು ಎಂದು ಶೃತಿ ಅಂದುಕೊಂಡಳು. ಅಷ್ಟರಲ್ಲಿ ಅಜ್ಜಿ ಚಪ್ಪಲಿ ಮೆಟ್ಟಿ ಆಗಿತ್ತು. ಡಬ್ಬಿ ಹಿಡಿದುಕೋ ಎಂದು ಶೃತಿಗೇ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶೃತಿಗೆ ಹೆಗಲು ಮುಟ್ಟಲು ಕೈಯೇ ಖಾಲಿ ಇರಲಿಲ್ಲ, ಎರಡೂ ಕೈಯಲ್ಲಿ ಡಬ್ಬಿ.

ಖಾಸಿಂಸಾಬರ ಹಣ್ಣಿನ ಗಾಡಿ ಬೆಟಗೇರಿ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲುತ್ತದೆ. ಬಿಳಿ ಗಡ್ಡದ, ತೆಳ್ಳನೆಯ ಮುದುಕ. ಹಣ್ಣನ್ನು ಎತ್ತಿಕೊಳ್ಳುವುದೂ ಇಡುವುದೂ ಮೆಲ್ಲಗೆ, ಮಲಗಿದ ಕೂಸನ್ನು ಎತ್ತಿದ ಹಾಗೆ. ಅಂದು ಅವರ ಗಾಡಿಯ ಮುಂದೆ ಶೃತಿಯ ಓಣಿಯ ಸಾವಕ್ಕ ನಿಂತಿದ್ದಳು. ಜ್ವರ ಬಂದು ಮಲಗಿದ ಗಂಡನಿಗೆ ಮೋಸಂಬಿ ಆರಿಸಿ ತಕ್ಕಡಿಗೆ ಹಾಕುತ್ತಿದ್ದಳು.

ಅಜ್ಜಿ ಡಬ್ಬಿಯನ್ನು ಗಾಡಿಯ ಮೇಲೆ ಢಣ್ ಎಂದು ಕುಕ್ಕಿದಳು. ದಿನಾ "ಖಾಸಿಂಸಾಬ್ರ, ಆರಾಮ ಅದೀರೇನ್ರಿ" ಎನ್ನುವ ಬಾಯಿ ಅದು. ಇವತ್ತು ಹೆಸರೂ ಇಲ್ಲ, ಮರ್ಯಾದೆಯೂ ಇಲ್ಲ. ಮಗಳ ಉಡಿಗೆ ಕೊಳೆತ ಹಣ್ಣು ಕೊಡಲು ಮನಸ್ಸಾದರೂ ಹೇಗೆ ಬಂತು, ಮೇಲೆ ಹೊಳಪು ಒಳಗೆ ಹುಳುಕು, ನಂಬಿದವರ ಕುತ್ತಿಗೆ ಕೊಯ್ಯುವ ವ್ಯಾಪಾರ ಇದು ಎಂದು ಬಸ್ ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು.

ಖಾಸಿಂಸಾಬರು ಡಬ್ಬಿಯ ಕಡೆ ಬಾಗಿದರು. ಒಂದು ಸೇಬು ಎತ್ತಿ ಬೆಳಕಿಗೆ ಹಿಡಿದರು. ಒತ್ತಿ ನೋಡಿದರು. ಮೂಗಿನ ಹತ್ತಿರ ತಂದರು. ಹುಬ್ಬು ಮೇಲೇರಿತು. ಇನ್ನೊಮ್ಮೆ ಮೂಸಿದರು. ಆಮೇಲೆ ಅವರ ಕಣ್ಣು ಅಜ್ಜಿಯನ್ನು ದಾಟಿ ಶೃತಿಯ ಮೇಲೆ ಬಂದು ನಿಂತಿತು.

ಶೃತಿ ಬಾಳೆಹಣ್ಣಿನ ಗೊನೆ ನೋಡಿದಳು. ತನ್ನ ಕಾಲಿನ ಹೆಬ್ಬೆರಳು ನೋಡಿದಳು. ಎಲ್ಲಿ ನೋಡಿದರೂ ಆ ಕಣ್ಣು ತನ್ನ ಮೇಲೆಯೇ ಇದೆ ಎನ್ನಿಸಿತು.

"ನಂದ ತಪ್ಪ ಇರಬೇಕ್ರಿ ಅವ್ವಾರ," ಎಂದರು ಖಾಸಿಂಸಾಬರು ಮೆಲ್ಲಗೆ. "ಸಿಟ್ಟಾಗಬ್ಯಾಡ್ರಿ. ಹೊಸಾ ಪೆಟಗಿ ಒಡದು ಬ್ಯಾರೆ ಕೊಡ್ತೇನಿ."

ಅವರು ಹೊಸ ಪೆಟ್ಟಿಗೆ ತೆರೆದರು. ಐದು ಸೇಬು, ಐದು ಮೋಸಂಬಿ ಒಂದೊಂದಾಗಿ ಆರಿಸಿ ಡಬ್ಬಿಗೆ ಇಟ್ಟರು. ಅಷ್ಟರೊಳಗೆ ಸಾವಕ್ಕ ತಕ್ಕಡಿಯಲ್ಲಿದ್ದ ಮೋಸಂಬಿಗಳನ್ನು ಒಂದೊಂದಾಗಿ ತಿರುಗಿ ಗಾಡಿಯ ಮೇಲೆ ಇಟ್ಟುಬಿಟ್ಟಿದ್ದಳು. ನಾಳೆ ಬರುತ್ತೇನೆ ಎಂದು ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಖಾಸಿಂಸಾಬರು ಖಾಲಿ ತಕ್ಕಡಿಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಟ್ಟೆಯಿಂದ ಅದನ್ನು ಒರೆಸಿದರು. ಅದರ ಮೇಲೆ ಒರೆಸುವಂಥದ್ದು ಏನೂ ಇರಲಿಲ್ಲ.

ಮನೆಯ ಕಡೆ ಹೊರಟಾಗ ಡಬ್ಬಿ ಬರುವಾಗಿನಷ್ಟೇ ಭಾರ ಇರಬೇಕಿತ್ತು, ಹಣ್ಣಿನ ಲೆಕ್ಕ ಅಷ್ಟೇ ತಾನೇ. ಆದರೆ ಶೃತಿಗೆ ಎರಡರಷ್ಟು ಭಾರ ಅನ್ನಿಸಿತು. ಅಜ್ಜಿ ಮುಂದೆ ಮುಂದೆ ಗೊಣಗುತ್ತ ನಡೆದಿದ್ದಳು. ಶೃತಿಯ ಕಣ್ಣ ಮುಂದೆ ಮಾತ್ರ ಆ ಖಾಲಿ ತಕ್ಕಡಿಯೇ ಇತ್ತು. ಅಜ್ಜಿಯ ಹೊಡೆತದ ಹೆದರಿಕೆ ಒಂದು ಕಡೆ, ಆ ಮುದುಕರು ತನಗಾಗಿ ಬೈಸಿಕೊಂಡ ಸಂಕಟ ಇನ್ನೊಂದು ಕಡೆ. ಹಿಟ್ಟಿನ ಗಿರಣಿಯ ಹತ್ತಿರ ಬರುವ ಹೊತ್ತಿಗೆ ಸಂಕಟವೇ ಗೆದ್ದಿತು.

"ಆಯಿ," ಎಂದು ಕರೆದಳು. ಅಜ್ಜಿಯನ್ನು ಅವಳು ಕರೆಯುವುದೇ ಹಾಗೆ. "ಖಾಸಿಂ ಅಜ್ಜಾರದ ತಪ್ಪಿಲ್ಲ. ನಾ ಅವಕ್ಕ ಎರದಿದ್ದೆ."

ಅಜ್ಜಿ ನಿಂತಳು. "ಯಾವಕ್ಕ ಎರದಿ?"

"ಸೇಬಿಗೆ. ಮೋಸಂಬಿಗೂ. ಸೀಗೀಕಾಯಿ ಹಚ್ಚಿ, ಸುಡುನೀರಾಗ."

ಅಜ್ಜಿಯ ಮುಖ ನೋಡುವ ಹಾಗಿತ್ತು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗು ಬಂದು ತುಟಿಯ ಹತ್ತಿರ ನಿಂತಿತು. ಶೃತಿ ಅಳುತ್ತ ವಿಡಿಯೋ, ಚಮಚ, ಬಿಳಿ ಪುಡಿ, ಅತ್ತೆಯ ಪಾಪು ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಸಿಟ್ಟೂ ಹೋಗಿ ನಗುವೂ ಹೋಗಿ ಅಜ್ಜಿ ಬಿಳಿಚಿಕೊಂಡಿದ್ದಳು.

"ನಾ ಆ ಮನಶ್ಯಾನ ಮಂದಿ ಮುಂದ ಏನೇನ ಅಂದೆ," ಎಂದಳು, ತನ್ನಷ್ಟಕ್ಕೆ.

ಅಜ್ಜಿ ಜಗಳ ಮಾಡಿ ಬಂದ ಜಾಗಕ್ಕೆ ಎಂದೂ ತಿರುಗಿ ಹೋದವಳಲ್ಲ. ಮಾವಿನ ಉಪ್ಪಿನಕಾಯಿಗೆ ಎಷ್ಟು ಮೆಂತ್ಯ ಹಾಕಬೇಕು ಎಂಬ ಮಾತಿಗೆ ತನ್ನ ಸ್ವಂತ ನಾದಿನಿಯ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟವಳು. ಅಂಥ ಅಜ್ಜಿ ನಡುರಸ್ತೆಯಲ್ಲಿ ಗಿರಕ್ಕನೆ ತಿರುಗಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಶೃತಿ ಡಬ್ಬಿ ಹೊತ್ತು ಹಿಂದೆ ಓಡಿದಳು.

ಖಾಸಿಂಸಾಬರು ಕೆಟ್ಟ ಹಣ್ಣುಗಳನ್ನು ದನಕ್ಕೆ ಹಾಕಲು ಒಂದು ಚೀಲಕ್ಕೆ ತುಂಬುತ್ತಿದ್ದರು.

"ಖಾಸಿಂಸಾಬ್ರ, ನನ್ನ ನಾಲಿಗಿ ಸುಡ್ಲಿ," ಎಂದಳು ಅಜ್ಜಿ. ಬೈಯುವಾಗ ಎಷ್ಟು ಗಟ್ಟಿ ದನಿ ಇತ್ತೋ ಅಷ್ಟೇ ಗಟ್ಟಿಯಾಗಿ, ಬಸ್ ಕಾಯುವವರಿಗೆಲ್ಲ ಕೇಳುವ ಹಾಗೆ ಹೇಳಿದಳು. "ತಪ್ಪ ನಮ್ಮ ಮನ್ಯಾಗಿಂದು. ನಿಮ್ಮನ್ನ ಅಂದ್ಬಿಟ್ಟೆ. ನೀವು ಯಾಕ ಸುಮ್ಮನ ಅನ್ನಿಸಿಕೊಂಡ್ರಿ?"

ಖಾಸಿಂಸಾಬರು ಗಡ್ಡ ನೀವಿಕೊಂಡರು. "ಇಷ್ಟ ವರ್ಸ ಹಣ್ಣ ಮಾರೇನ್ರಿ, ಸೀಗೀಕಾಯಿ ವಾಸನಿ ಬರೂ ಸೇಬು ಇದ ಮೊದಲ ಕಂಡಿದ್ದು. ಆಮ್ಯಾಲ ಈ ಕೂಸಿನ ಮಾರಿ ನೋಡಿದೆ. ನಾ ಬಾಯಿ ಬಿಟ್ರ ಇಲ್ಲೇ ಇದಕ್ಕ ಏಟು ಬೀಳ್ತಿದ್ವು. ನಾಳಿ ಬೀಗರ ಮನಿಗೆ ಹೊಂಟಾರ, ಅತಗೋತ ಹೋಗೂದು ಬ್ಯಾಡ ಅಂದ್ಕೊಂಡೆ."

ಏಟು ಬಿದ್ದಿದ್ದರೇ ಚೆನ್ನಾಗಿತ್ತು ಎಂದು ಶೃತಿಗೆ ಅನ್ನಿಸಿತು. ಆದರೂ ಕೇಳದೇ ಇರಲಾಗದೆ, ಕೆರೆದಾಗ ಬಿಳಿ ಪುಡಿ ಬಂದದ್ದು ಮಾತ್ರ ಖರೆ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಅಜ್ಜಿಯೂ ಒಂದು ಹೆಜ್ಜೆ ಮುಂದೆ ಬಂದಳು. ಬಸುರಿ ಹೆಣ್ಣುಮಗಳು ತಿನ್ನುವ ಹಣ್ಣು, ಕೇಳುವುದರಲ್ಲಿ ತಪ್ಪೇನು?

ಖಾಸಿಂಸಾಬರಿಗೆ ಸಿಟ್ಟು ಬರಲಿಲ್ಲ. ಶೃತಿಯನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿ, ಹೊಸ ಪೆಟ್ಟಿಗೆಯ ರಟ್ಟನ್ನು ಅವಳ ಕೈಗೆ ಕೊಟ್ಟು ಓದು ಎಂದರು. ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಕೋಟೆಡ್ ವಿತ್ ವ್ಯಾಕ್ಸ್ ಎಂದು ಅವಳು ಕೂಡಿಸಿ ಓದಿದಳು. ಮುಂದೆ ಮೇಣದ ಹೆಸರು ಇತ್ತು. ಅದಕ್ಕೆ ನಾಲಿಗೆ ಎರಡು ಸಲ ತೊಡರಿತು.

ಬಚ್ಚಿಡುವುದು ಏನೂ ಇಲ್ಲ, ರಟ್ಟಿನ ಮೇಲೆಯೇ ಬರೆದಿದ್ದಾರೆ ಎಂದರು ಖಾಸಿಂಸಾಬರು. ಸೇಬಿಗೆ ಹುಟ್ಟುತ್ತಲೇ ತನ್ನದೊಂದು ತೆಳು ಮೇಣ ಇರುತ್ತದೆ. ದೂರದ ಬೆಟ್ಟದ ಊರುಗಳಲ್ಲಿ ಹಣ್ಣು ಕಿತ್ತು ತೊಳೆಯುವಾಗ ಅದು ಅಷ್ಟಿಷ್ಟು ಹೋಗುತ್ತದೆ. ಗದಗಿಗೆ ಬರುವಷ್ಟರಲ್ಲಿ ಒಳಗಿನ ನೀರು ಆರಿ ಹಣ್ಣು ಸುಕ್ಕಾಗಬಾರದು ಎಂದು ಕೆಲವರು ತಿನ್ನಬಹುದಾದ ಮೇಣವನ್ನು ತೆಳ್ಳಗೆ ಸವರುತ್ತಾರೆ. ಒಂದು ಜಾತಿಯ ತಾಳೆ ಗಿಡದ ಎಲೆಯ ಮೇಣ, ಜೇನುಹುಟ್ಟಿನ ಮೇಣ, ಅರಗು, ಹೀಗೆ. ಅಷ್ಟು ಮಾಡಲು ಸರಕಾರದ ಒಪ್ಪಿಗೆಯೂ ಇದೆ.

ಅಜ್ಜಿಯ ಮುಖದಲ್ಲಿ ಇನ್ನೂ ಅನುಮಾನ ಇತ್ತು.

"ಅವ್ವಾರ, ನೀವು ತೊಗರಿ ಬ್ಯಾಳಿಗೆ ಔಡಲ ಎಣ್ಣಿ ಸವರಿ ಡಬ್ಬಿ ತುಂಬಾಂಗಿಲ್ಲೇನ್ರಿ?" ಎಂದು ಕೇಳಿದರು ಖಾಸಿಂಸಾಬರು. "ಯಾಕ? ವರ್ಸಗಟ್ಟಲೆ ಕೆಡಬಾರ್ದು ಅಂತ. ಆಮ್ಯಾಲ ಅಡಗಿ ಮಾಡು ಮುಂದ ತೊಳೀತೀರಿ. ಇದೂ ಹಂಗ. ಇಡೂ ಮುಂದ ತೊಳೀಬಾರ್ದು, ತಿನ್ನು ಮುಂದ ತೊಳೀಬೇಕು."

ಅಜ್ಜಿ ಹೌದೆಂದು ತಲೆಯಾಡಿಸಿದಳು, ಹರಳೆಣ್ಣೆ ಸವರದೆ ಅವಳು ಬೇಳೆಯ ಡಬ್ಬಿ ಮುಚ್ಚಿದ್ದೇ ಇಲ್ಲ. ತೊಗರಿ ಬೇಳೆಯ ವಿಷಯದಲ್ಲಿ ಅವಳನ್ನು ಮೀರಿಸುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

ಹೇಗೆ ತೊಳೆಯಬೇಕು ಎಂದು ಶೃತಿ ಕೇಳಿದಳು. ನಳದ ತಣ್ಣೀರು ಬಿಟ್ಟು ಅಂಗೈಯಿಂದ ಚೆನ್ನಾಗಿ ಉಜ್ಜಿದರೆ ಸಾಕು, ಸಾಬೂನು ಬೇಡ, ಸೋಡಾ ಬೇಡ, ಮುಖ್ಯವಾಗಿ ಸೀಗೆಕಾಯಿ ಬೇಡ ಎಂದರು ಅವರು. ಸುಡುನೀರಿಗೆ ಹಣ್ಣಿನ ಚರ್ಮ ಸುಡುತ್ತದೆ, ನಾರಿನಿಂದ ತಿಕ್ಕಿದರೆ ಗೀರು ಬೀಳುತ್ತದೆ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೂಷ್ಟು ಬರದೇ ಇನ್ನೇನು. ಮೇಣದ ಮೇಲೆ ಮನಸ್ಸು ಒಗ್ಗದಿದ್ದರೆ ಸಿಪ್ಪೆ ಸುಲಿದು ತಿನ್ನಬಹುದು. ಅದರಲ್ಲಿ ನಾಚಿಕೆ ಏನಿಲ್ಲ.

ಆಮೇಲೆ ಖಾಸಿಂಸಾಬರು ಸ್ವಲ್ಪ ದನಿ ತಗ್ಗಿಸಿದರು. ಎಲ್ಲರೂ ಸಾಚಾ ಎಂದು ತಾನು ಆಣೆ ಮಾಡುವುದಿಲ್ಲ ಎಂದರು. ಸಂತೆಯಲ್ಲಿ ಕಳ್ಳರೂ ಇರುತ್ತಾರೆ. ಉಗುರು ತಾಗಿಸಿದರೆ ಮೇಣದಬತ್ತಿಯ ಹಾಗೆ ಸುರುಳಿ ಸುರುಳಿ ಏಳುವ, ಕೈಗೆ ಬಣ್ಣ ಹತ್ತುವ ಹಣ್ಣು ಬಂದರೆ ಅವರು ಪೆಟ್ಟಿಗೆಯನ್ನೇ ವಾಪಸ್ ಕಳಿಸುತ್ತಾರೆ. ಏನೂ ಬರೆಯದ ಪೆಟ್ಟಿಗೆ ತರುವುದಿಲ್ಲ. ಕೊಳ್ಳುವವರು ಪೆಟ್ಟಿಗೆ ತೋರಿಸು ಎಂದು ಕೇಳಬೇಕು, ಹೊಳಪು ನೋಡಿ ಮರುಳಾಗಬಾರದು, ಹೊಳಪಿಗೂ ತಾಜಾತನಕ್ಕೂ ಸಂಬಂಧವಿಲ್ಲ. ಇಷ್ಟು ವರ್ಷದಲ್ಲಿ ಪೆಟ್ಟಿಗೆ ತೋರಿಸು ಎಂದು ಕೇಳಿದವರು ಎಷ್ಟು ಜನ ಎಂದು ಅಜ್ಜಿ ವಿಚಾರಿಸಿದಳು. ಖಾಸಿಂಸಾಬರು ನಕ್ಕರು. ಒಬ್ಬರೂ ಇಲ್ಲವಂತೆ.

ಅಷ್ಟರಲ್ಲಿ ಶೃತಿಯ ಕಣ್ಣು ಗಾಡಿಯ ಅಂಚಿಗೆ ಬಿತ್ತು. ಸಾವಕ್ಕ ತಿರುಗಿ ಇಟ್ಟ ಮೋಸಂಬಿಗಳು ಅಲ್ಲಿಯೇ ಇದ್ದವು.

ಬಿಡು, ನಾಳೆ ಬಂದಾಳು ಎಂದರು ಖಾಸಿಂಸಾಬರು. ತಾನು ಹೋಗಿ ಹೇಳುತ್ತೇನೆ ಎಂದಳು ಅಜ್ಜಿ.

"ಬ್ಯಾಡ ಆಯಿ," ಎಂದಳು ಶೃತಿ. "ನಾನ ಹೇಳ್ತೇನಿ."

ಅಜ್ಜಿ ಅವಳನ್ನು ನೋಡಿದಳು. ಡಬ್ಬಿಯನ್ನು ತನ್ನ ಸೊಂಟಕ್ಕೆ ಏರಿಸಿಕೊಂಡು, ಕತ್ತಲಾಗುವುದರೊಳಗೆ ಬಾ ಎಂದಳು.

ಸಾವಕ್ಕ ಹೊಸಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಶೃತಿ ಒಂದೇ ಉಸಿರಿಗೆ ಹೇಳಿದಳು. ಸೇಬಿಗೆ ಎರೆದ ಮಾತು ಬಂದಾಗ ಸಾವಕ್ಕ ಮೊರ ಬದಿಗಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಕ್ಕು ಮುಗಿದ ಮೇಲೆ ಅವಳ ಮುಖ ಸಣ್ಣಗಾಯಿತು. ನಳದ ಹತ್ತಿರ ಉಡಚವ್ವನ ಮುಂದೆ ಈ ಮಾತು ಆಡಿಬಿಟ್ಟೆನಲ್ಲ ಎಂದಳು.

ಶೃತಿ ಉಡಚವ್ವನ ಮನೆಗೆ ಓಡಿದಳು. ಉಡಚವ್ವ ಕೇಳಿದ ಕತೆಯಲ್ಲಿ ಹಣ್ಣು ಕೊಳೆತಿರಲಿಲ್ಲ. ಖಾಸಿಂಸಾಬ ಹಣ್ಣಿಗೆ ಎಂಥದೋ ಔಷಧಿ ಹೊಡೆಯುತ್ತಾನೆ ಎಂದು ಅವಳಿಗೆ ತಿಳಿದಿತ್ತು. ಸಾವಕ್ಕ ಹಾಗೆ ಹೇಳಿದಳೋ ತಾನೇ ಹಾಗೆ ತಿಳಿದುಕೊಂಡಳೋ ಅವಳಿಗೇ ಗೊತ್ತಿರಲಿಲ್ಲ. ಶೃತಿ ಮತ್ತೆ ಮೊದಲಿನಿಂದ ಹೇಳಿದಳು. ಹೌದೇನು, ಹಾಗಾದರೆ ಟೇಲರ್ ಸಕ್ರಪ್ಪನಿಗೂ ಒಂದು ಮಾತು ಹೇಳಿಬಿಡು ಎಂದಳು ಉಡಚವ್ವ. ಆಗಲೇ ಅಂಗಿಯ ಅಳತೆ ಕೊಡಲು ಹೋದಾಗ ಅವನ ಮುಂದೆಯೂ ವಿಷಯ ಬಂದಿತ್ತಂತೆ.

ಗಾಡಿಯ ಮುಂದೆ ಅಜ್ಜಿ ಬೈದು ಎಲ್ಲ ಸೇರಿ ಒಂದು ತಾಸು ಆಗಿತ್ತೋ ಇಲ್ಲವೋ.

ಸಕ್ರಪ್ಪಜ್ಜ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಕೈಯಲ್ಲಿ ಮೊಬೈಲ್. ಶೃತಿ ಬಾಯಿ ತೆರೆಯುವ ಮೊದಲೇ ಅವರು, ಸಣ್ಣ ಮಕ್ಕಳು ಮೊದಲು ಎಚ್ಚರ ಇರಬೇಕು ಎಂಬ ಹಾಗೆ, ಬೆರಳು ಎತ್ತಿದರು.

"ಬಸ್ ಸ್ಟ್ಯಾಂಡ್ ಕಡೆ ಸೇಬು ತಿನ್ನಬ್ಯಾಡವಾ," ಎಂದರು. "ಖಾಸಿಂಸಾಬನ ಹಣ್ಣು ತಿಂದು ನಮ್ಮ ಓಣ್ಯಾಗಿನ ಒಂದು ಹುಡುಗಿ ಹುಬ್ಬಳ್ಳಿ ದವಾಖಾನಿ ಸೇರ್ಯಾಳಂತ. ಶಿರಹಟ್ಟ್ಯಾಗ ನಮ್ಮ ಮಂದಿ ಗ್ರೂಪ್ ಐತಿ. ಅವರಿಗೆ ಹೇಳಾಕ ಹತ್ತೇನಿ."

ಶೃತಿ ಹಿಂದೆ ತಿರುಗಿ ನೋಡಿದಳು. ಓಣಿಯಲ್ಲಿ ಬೇರೆ ಯಾವ ಹುಡುಗಿಯೂ ಇರಲಿಲ್ಲ. ಶಿರಹಟ್ಟಿಯಲ್ಲಿ ಇವಳಿಗೆ ಒಬ್ಬರ ಪರಿಚಯವೂ ಇಲ್ಲ. ಅಲ್ಲಿ ಯಾರ ಮನೆಯ ಕದ ತಟ್ಟುವುದು? ಅವರು ಇನ್ಯಾವ ಊರಿಗೆ ಹೇಳುತ್ತಾರೋ? ವಿಡಿಯೋದ ಆ ಕನ್ನಡಕದ ಮನುಷ್ಯ ಎಲ್ಲಿಯವನೋ ಅವಳಿಗೆ ಗೊತ್ತಿರಲಿಲ್ಲ. ಬೆಟಗೇರಿಯ ಒಂದು ಬಚ್ಚಲಲ್ಲಿ ಏನಾಯಿತು ಎಂದು ಅವನಿಗೂ ಗೊತ್ತಾಗುವುದಿಲ್ಲ.

"ಕಳಿಸಿದ್ರೇನ್ರಿ ಅಜ್ಜಾರ?"

"ಇನ್ನೂ ಇಲ್ಲ. ಒತ್ತೂದೊಂದ ಬಾಕಿ."

"ಒತ್ತಬ್ಯಾಡ್ರಿ," ಎಂದಳು ಶೃತಿ. "ಆ ಹುಡುಗಿ ನಾನ ಇರಬೇಕ್ರಿ. ನಾ ಆರಾಮ ಅದೇನಿ."

ಸಕ್ರಪ್ಪಜ್ಜ ಕನ್ನಡಕ ಮೇಲೆ ಸರಿಸಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಶೃತಿ ಈ ಸಲ ಒಂದೇ ಉಸಿರಿಗೆ ಹೇಳಲಿಲ್ಲ. ಕಟ್ಟೆ ಹತ್ತಿ ಅವರ ಪಕ್ಕದಲ್ಲಿ ಕಾಲು ಮಡಚಿ ಕುಳಿತಳು.

"ಭಾಳ ಉದ್ದ ಐತ್ರಿ," ಎಂದಳು. "ಪೂರಾ ಕೇಳ್ರಿ. ನಡಕ ಏನೂ ಬಿಡಾಂಗಿಲ್ಲ ನಾ."

ಸಕ್ರಪ್ಪಜ್ಜ ಮೊಬೈಲನ್ನು ಕಟ್ಟೆಯ ಮೇಲೆ ಬೋರಲು ಹಾಕಿದರು.